102 ರನ್, ಮೂರು ತಿಂಗಳು, ಒಂದು ಕಪ್: ದಾವಣಗೆರೆ ಎಕ್ಸ್‌ಪ್ರೆಸ್ ಮತ್ತು ಮಾಯಕೊಂಡದ ಒಬ್ಬ ಅಭಿಮಾನಿ

ಇವತ್ತಿನ ಸಂಚಿಕೆ ಒಂದು ರೈಲ್ವೆ ಸ್ಟೇಷನ್‌ನಿಂದ ಶುರುವಾಗುತ್ತೆ.

ಸ್ಟೇಷನ್ ಹೆಸರು ಮಾಯಕೊಂಡ. ನಮ್ಮೂರು. ದಾವಣಗೆರೆಯಿಂದ ಬೆಂಗಳೂರು ಕಡೆ ರೈಲು ಹತ್ತಿದ್ರೆ ತೋಳಹುಣಸೆ ದಾಟಿದ ಮೇಲೆ ಬರುತ್ತೆ. ಮುಂದೆ ಚಿಕ್ಕಜಾಜೂರು, ಬೀರೂರು, ಅರಸೀಕೆರೆ, ತುಮಕೂರು. ಬಹಳಷ್ಟು ಎಕ್ಸ್‌ಪ್ರೆಸ್ ರೈಲುಗಳು ನಮ್ಮೂರಲ್ಲಿ ನಿಲ್ಲಲ್ಲ. ಧೂಳೆಬ್ಬಿಸಿ ಹೋಗ್ತಾ ಇರ್ತವೆ. ನಾವು ಪ್ಯಾಸೆಂಜರ್ ಗಾಡಿ ಕಾಯ್ತಾ ಪ್ಲಾಟ್‌ಫಾರಂ ಮೇಲೆ ನಿಂತು ನೋಡ್ತಾ ಇರ್ತೀವಿ.

ಇತಿಹಾಸದ ಪುಸ್ತಕದಲ್ಲಿ ನಮ್ಮೂರಿಗೆ ಒಂದು ಜಾಗ ಇದೆ. ಅದೂ ಸೋಲಿನ ಜಾಗ. ಚಿತ್ರದುರ್ಗದ ಹಿರೇ ಮದಕರಿನಾಯಕ 1748ರಲ್ಲಿ ಯುದ್ಧ ಮಾಡ್ತಾ ಪ್ರಾಣ ಬಿಟ್ಟಿದ್ದು ಇದೇ ಮಾಯಕೊಂಡದಲ್ಲಿ. ಹೈಸ್ಕೂಲಲ್ಲಿ ಮೇಷ್ಟ್ರು ಈ ಪಾಠ ಮಾಡುವಾಗ ಹಿಂದಿನ ಬೆಂಚಿಂದ ಯಾರೋ ಕೇಳಿದ್ದ, "ಸಾರ್, ನಮ್ಮೂರಲ್ಲಿ ಗೆದ್ದೋರು ಯಾರೂ ಇಲ್ವಾ?" ಇಡೀ ಕ್ಲಾಸು ನಕ್ಕಿತ್ತು. ಆದ್ರೆ ಆ ಪ್ರಶ್ನೆ ನನ್ನ ತಲೇಲಿ ಉಳ್ಕೊಂಡ್ಬಿಡ್ತು.

ಇವತ್ತಿನ ಕಥೆ ಒಂದು ಗೆಲುವಿನದು. 2014ರ ಫೆಬ್ರವರಿ 2, ಭಾನುವಾರ. ಹೈದರಾಬಾದಿನಲ್ಲಿ ಕರ್ನಾಟಕ ತಂಡ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿ ರಣಜಿ ಟ್ರೋಫಿ ಗೆದ್ದ ದಿನ. ಕಪ್ ಎತ್ತಿದ ನಾಯಕ ನಮ್ಮ ದಾವಣಗೆರೆಯ ಆರ್. ವಿನಯ್ ಕುಮಾರ್. ಕ್ರಿಕೆಟ್ ಜಗತ್ತು ಅವರಿಗೆ ಇಟ್ಟ ಹೆಸರು 'ದಾವಣಗೆರೆ ಎಕ್ಸ್‌ಪ್ರೆಸ್'. ಆ ದಿನ ಯಾಕೆ ನನಗೆ ಅಷ್ಟು ಮುಖ್ಯ ಅನ್ನೋಕೆ ಮುಂಚೆ ಸ್ವಲ್ಪ ಹಿಂದೆ ಹೋಗಬೇಕು. ಒಂದು ತಪ್ಪನ್ನೂ ಒಪ್ಕೋಬೇಕು.

ಮೊದಲು ನಮ್ಮ ದೊಡ್ಡಪ್ಪನ ವಿಷಯ. ದೊಡ್ಡಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ ಅದು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ದೊಡ್ಡಪ್ಪ ಊರಿಗೆ ವಾಪಸ್ ಬಂದು ಮೆಕ್ಕೆಜೋಳ ಹಾಕ್ಕೊಂಡು ಕೂತ್ರು. ಅವರಿಗೆ ದೇವರು ಅಂದ್ರೆ ಒಬ್ಬರೇ, ಜಿ.ಆರ್. ವಿಶ್ವನಾಥ್. ಯಾಕೆ ಅಂದ್ರೆ "ಅವನು ಭದ್ರಾವತಿಯವನು ಕಣೋ, ಬೆಂಗಳೂರಲ್ಲಿ ಹುಟ್ಟಿದವನಲ್ಲ" ಅಂತಿದ್ರು.

ಅವರು ನೂರು ಸಲ ಹೇಳಿದ ಕಥೆ 1974ರದ್ದು. ಬಾಂಬೆ ತಂಡ 1958-59ರಿಂದ ಸತತ 15 ವರ್ಷ ರಣಜಿ ಗೆದ್ದಿತ್ತು. ಮೈಸೂರು ರಾಜ್ಯ ಕರ್ನಾಟಕ ಅಂತ ಹೆಸರು ಬದಲಾಯಿಸಿಕೊಂಡಿದ್ದು 1973ರ ನವೆಂಬರ್ 1ಕ್ಕೆ. ಅದೇ ಋತುವಿನ ಸೆಮಿಫೈನಲ್‌ನಲ್ಲಿ, ಬೆಂಗಳೂರಲ್ಲಿ, ಬಾಂಬೆ ಎದುರು ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ನಾಯಕ ಪ್ರಸನ್ನ ಅವರ ಒಂದು ಎಸೆತಕ್ಕೆ ಗವಾಸ್ಕರ್ ಬೌಲ್ಡ್. ಮೊದಲ ಇನ್ನಿಂಗ್ಸ್ ಮುನ್ನಡೆ ಸಿಕ್ತು, ಬಾಂಬೆ ಆಚೆ ಹೋಯ್ತು. ಫೈನಲ್‌ನಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಸಲ ಕಪ್ ತಂದ್ರು. ರಾಜ್ಯಕ್ಕೆ ಹೊಸ ಹೆಸರು ಬಂದ ವರ್ಷವೇ ಆ ಹೆಸರಲ್ಲಿ ಕಪ್.

ಒಂದು ಸಣ್ಣ ವಿಷಯ ಹೇಳ್ತೀನಿ, ನೆನಪಿಟ್ಕೊಳ್ಳಿ. ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರವರಿ 12. ವಿನಯ್ ಕುಮಾರ್ ಹುಟ್ಟಿದ್ದು 1984ರ ಫೆಬ್ರವರಿ 12. ಮೂವತ್ತೈದು ವರ್ಷ ಅಂತರ, ತಾರೀಖು ಒಂದೇ. ದೊಡ್ಡಪ್ಪನಿಗೆ ಇದನ್ನ ಹೇಳಿದಾಗ ಅವರು ಏನೂ ಮಾತಾಡದೆ ಕ್ಯಾಲೆಂಡರ್ ಕಡೆ ನೋಡಿದ್ರು.

ಈಗ ಸಣ್ಣ ಊರಿನ ಹುಡುಗ ಕ್ರಿಕೆಟರ್ ಆಗೋದು ಅಂದ್ರೆ ಏನು ಅಂತ ನೋಡೋಣ. ದಾವಣಗೆರೆಯಲ್ಲಿ ಕ್ರಿಕೆಟ್‌ಗೇನೂ ಬರ ಇಲ್ಲ. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆದ್ರೆ ಮಂಡಕ್ಕಿ ಮಿರ್ಚಿ ಗಾಡಿಗಳು ಸಾಲಾಗಿ ನಿಲ್ತವೆ. ಆದ್ರೆ ಟೆನಿಸ್ ಬಾಲ್ ಬೇರೆ, ಲೆದರ್ ಬಾಲ್ ಬೇರೆ. ಒಳ್ಳೆ ಪಿಚ್, ದೊಡ್ಡ ಲೀಗ್, ಆಯ್ಕೆ ಸಮಿತಿಯವರ ಕಣ್ಣು, ಎಲ್ಲಾ ಇರೋದು ಬೆಂಗಳೂರಲ್ಲಿ, ಸುಮಾರು 260 ಕಿಲೋಮೀಟರ್ ದೂರದಲ್ಲಿ. ವೇಗದ ಬೌಲರ್ ಆಗಬೇಕು ಅನ್ನೋ ಹುಡುಗನಿಗೆ ಭುಜದ ಜೊತೆ ರೈಲು ಟಿಕೆಟ್ಟೂ ಬೇಕು, ಬೆಂಗಳೂರಲ್ಲಿ ಉಳಿಯೋಕೆ ಒಂದು ಜಾಗವೂ ಬೇಕು.

ಮತ್ತೆ ವಿನಯ್ ಕುಮಾರ್ 150 ಕಿಲೋಮೀಟರ್ ವೇಗದ ಬೌಲರ್ ಅಲ್ಲ. ಹೆಸರಲ್ಲಿ ಎಕ್ಸ್‌ಪ್ರೆಸ್ ಇದ್ರೂ ಕೈಯಲ್ಲಿದ್ದದ್ದು ಮಧ್ಯಮ ವೇಗ, ಸ್ವಿಂಗ್, ಲೈನು ಲೆಂಗ್ತು. ಬೆಳಿಗ್ಗೆ ಹೊಸ ಬಾಲ್, ಸಂಜೆ ಹಳೇ ಬಾಲ್, ಎರಡೂ ಅವರ ಕೈಗೇ. 2004ರಲ್ಲಿ ಕರ್ನಾಟಕಕ್ಕೆ ಮೊದಲ ಪಂದ್ಯ ಆಡಿದ ಮೇಲೆ ವರ್ಷಗಟ್ಟಲೆ ಇದೇ ದುಡಿಮೆ.

ಆ ವರ್ಷಗಳಲ್ಲಿ ಕರ್ನಾಟಕಕ್ಕೆ ಕಪ್ ಸಿಗ್ತಾ ಇರಲಿಲ್ಲ. ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್ ಇದ್ದ ತೊಂಬತ್ತರ ದಶಕದಲ್ಲಿ ಮೂರು ಸಲ ಗೆದ್ದಿದ್ವಿ. ಕೊನೇದು 1998-99ರಲ್ಲಿ. ಆಮೇಲೆ ಬರಗಾಲ.

2010ರ ಜನವರಿಯಲ್ಲಿ ಇನ್ನೇನು ಸಿಕ್ಕೇ ಬಿಡ್ತು ಅನ್ನಿಸಿತ್ತು. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ಎದುರು ಫೈನಲ್. ಗೆಲ್ಲೋಕೆ 338 ಬೇಕು. ಮನೀಶ್ ಪಾಂಡೆ 144 ಹೊಡೆದ್ರು. ನಾಲ್ಕನೇ ದಿನ ಸಂಕ್ರಾಂತಿ. ಮನೇಲಿ ಎಳ್ಳು ಬೆಲ್ಲ ಹಂಚ್ತಾ ಇದ್ದಾರೆ, ನಾನು ದೊಡ್ಡಪ್ಪ ಟಿವಿ ಮುಂದಿಂದ ಏಳ್ತಾ ಇಲ್ಲ. 331ಕ್ಕೆ ಆಲೌಟ್. ಸೋತಿದ್ದು 6 ರನ್ನಿಂದ. ಒಂದೇ ಒಂದು ಸಿಕ್ಸರ್‌ನಷ್ಟು. ನನಗಾಗ ಪಿಯುಸಿ. ಆ ವರ್ಷ ಎಳ್ಳು ಬೆಲ್ಲದ ರುಚೀನೇ ಗೊತ್ತಾಗಲಿಲ್ಲ. ಸೋತ ಆ ತಂಡದಲ್ಲಿ ವಿನಯ್ ಕೂಡ ಇದ್ರು.

ಅದೇ ವರ್ಷ ಅವರಿಗೆ ಭಾರತ ತಂಡದ ಕ್ಯಾಪ್ ಸಿಕ್ತು. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಒಂದು ಟೆಸ್ಟ್ ಕೂಡ ಆಡಿದ್ರು. ಅದೊಂದೇ ಟೆಸ್ಟ್.

ಈಗ ನನ್ನ ತಪ್ಪಿಗೆ ಬರ್ತೀನಿ.

2013ರ ನವೆಂಬರ್ 2, ಶನಿವಾರ, ದೀಪಾವಳಿ ಸಮಯ. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಸರಣಿ ತೀರ್ಮಾನ ಆಗೋ ಪಂದ್ಯ. ರೋಹಿತ್ ಶರ್ಮಾ 209 ಹೊಡೆದ ದಿನ ಅಂದ್ರೆ ನಿಮಗೂ ನೆನಪಾಗುತ್ತೆ. ಭಾರತ 383 ಹೊಡೆದು 57 ರನ್ನಿಂದ ಗೆಲ್ತು. ಆದ್ರೆ ಅದೇ ಸ್ಕೋರ್‌ಕಾರ್ಡಿನ ಕೆಳಗೆ ಇನ್ನೊಂದು ಸಾಲಿದೆ. ವಿನಯ್ ಕುಮಾರ್: 9 ಓವರ್, 102 ರನ್, 1 ವಿಕೆಟ್. ಒಂದೇ ಏಕದಿನ ಪಂದ್ಯದಲ್ಲಿ 100ಕ್ಕಿಂತ ಹೆಚ್ಚು ರನ್ ಕೊಟ್ಟ ಮೊದಲ ಭಾರತೀಯ ಬೌಲರ್. ಅದೂ ತನ್ನದೇ ರಾಜ್ಯದ ಮೈದಾನದಲ್ಲಿ, ತನ್ನದೇ ಜನರ ಮುಂದೆ.

ಆ ರಾತ್ರಿ ಇಂಟರ್ನೆಟ್ ತುಂಬಾ ಜೋಕು. ನಾನೂ ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಲ್ಲಿ ಒಂದು ಹಾಕ್ದೆ: "ದಾವಣಗೆರೆ ಎಕ್ಸ್‌ಪ್ರೆಸ್ ಹಳಿ ತಪ್ಪಿದೆ, ಪ್ರಯಾಣಿಕರು ಸಹಕರಿಸಿ." ಎಲ್ಲರೂ ನಕ್ಕರು. ಬೆಂಗಳೂರಿನ ಫ್ರೆಂಡ್ಸ್ ಜಾಸ್ತಿ ನಕ್ಕರು, ಯಾಕಂದ್ರೆ ಹೇಳಿದವನು ದಾವಣಗೆರೆ ಕಡೆಯವನೇ. ನನಗೆ ಖುಷಿ ಆಯ್ತು. ಸುಳ್ಳು ಹೇಳಲ್ಲ.

ಹಬ್ಬದ ದಿನ ಬೆಳಿಗ್ಗೆ ಅದನ್ನೇ ದೊಡ್ಡಪ್ಪನಿಗೆ ಓದಿ ಹೇಳ್ದೆ. ಅವರು ನಗಲಿಲ್ಲ. "ಲೇ ತಮ್ಮಾ, ಅವನಿಗೆ ಹೊಡೆದ್ರು, ಹೌದು. ಹೊಡೆಸ್ಕೊಳ್ಳೋಕಾದ್ರೂ ಅವನ ಕೈಗೆ ಬಾಲ್ ಕೊಟ್ರಲ್ಲ, ದಾವಣಗೆರೆಯಿಂದ ಇನ್ಯಾರ ಕೈಗೆ ಕೊಟ್ಟಿದ್ರು ಹೇಳು ನೋಡನ" ಅಂದ್ರು. ನಾನು ಮೆಸೇಜ್ ಡಿಲೀಟ್ ಮಾಡೋಕೆ ಹೋದೆ. ಅಷ್ಟರಲ್ಲಿ ಅದು ಎಷ್ಟು ಗುಂಪಿಗೆ ಹೋಗಿತ್ತೋ.

ಆ ಪಂದ್ಯದ ನಂತರ ವಿನಯ್ ಕುಮಾರ್ ಭಾರತಕ್ಕೆ ಮತ್ತೆಂದೂ ಆಡಲಿಲ್ಲ. 31 ಏಕದಿನ ಪಂದ್ಯ, 38 ವಿಕೆಟ್, ಮುಗೀತು.

ಇಲ್ಲಿ ಒಂದು ಕ್ಷಣ ನಿಂತು ಯೋಚ್ನೆ ಮಾಡಿ. ಇಡೀ ದೇಶ ನಕ್ಕ ಮೇಲೆ ನೀವೇನು ಮಾಡ್ತಿದ್ರಿ? ವಿನಯ್ ಆ ನವೆಂಬರ್‌ನಲ್ಲೇ ವಾಪಸ್ ರಣಜಿಗೆ ಬಂದ್ರು. ಪ್ರೇಕ್ಷಕರಿಲ್ಲದ ಮೈದಾನಗಳು, ನಾಲ್ಕು ನಾಲ್ಕು ದಿನದ ಪಂದ್ಯಗಳು, ಚಳಿಗಾಲದ ಬೆಳಗುಗಳು. ಕೋಚ್ ಆಗಿ ಜೆ. ಅರುಣ್ ಕುಮಾರ್. ಬೌಲಿಂಗ್‌ಗೆ ಜೊತೆಗೆ ಮಿಥುನ್, ಶ್ರೀನಾಥ್ ಅರವಿಂದ್, ಮಂಡ್ಯದ ಎಚ್.ಎಸ್. ಶರತ್. ಬ್ಯಾಟಿಂಗ್‌ನಲ್ಲಿ ಉತ್ತಪ್ಪ, ಮನೀಶ್ ಪಾಂಡೆ, ಕರುಣ್ ನಾಯರ್, ಮತ್ತೆ ಮಂಗಳೂರು ಕಡೆಯ ಹುಡುಗ ಕೆ.ಎಲ್. ರಾಹುಲ್. ಆ ಋತುವಲ್ಲಿ ರಾಹುಲ್ ಸಾವಿರಕ್ಕೂ ಹೆಚ್ಚು ರನ್ ಹೊಡೆದ್ರು. ಭದ್ರಾವತಿಯಿಂದ ಶುರುವಾದ ಸಾಲಿಗೆ ದಾವಣಗೆರೆ, ಮಂಡ್ಯ, ಮಂಗಳೂರು ಸೇರಿದ್ವು. ಕ್ವಾರ್ಟರ್‌ಫೈನಲ್‌ನಲ್ಲಿ ಉತ್ತರ ಪ್ರದೇಶ, ಸೆಮಿಫೈನಲ್‌ನಲ್ಲಿ ಪಂಜಾಬ್ ದಾಟಿ ಫೈನಲ್‌ಗೆ.

ಫೈನಲ್‌ನಲ್ಲಿ ಮಹಾರಾಷ್ಟ್ರ 305. ಕರ್ನಾಟಕ 515, ರಾಹುಲ್ 131, ಗಣೇಶ್ ಸತೀಶ್ 117. ಮಹಾರಾಷ್ಟ್ರ ಮತ್ತೆ 366 ಹೊಡೀತು. ಕೊನೇ ದಿನ ಗೆಲ್ಲೋಕೆ ಒಟ್ಟು ಗುರಿ 157. ಮೊದಲ ಇನ್ನಿಂಗ್ಸ್ ಮುನ್ನಡೆ ಇತ್ತಲ್ಲ, ಡ್ರಾ ಆಗಿದ್ರೂ ಕಪ್ ನಮ್ಮದೇ. ನಿಧಾನಕ್ಕೆ ಆಡಿ ಮುಗಿಸಬಹುದಿತ್ತು.

ಅವತ್ತು ಭಾನುವಾರ ಮಧ್ಯಾಹ್ನ ಊರಲ್ಲಿ ಕರೆಂಟ್ ಇರಲಿಲ್ಲ. ದೊಡ್ಡಪ್ಪನ ಮನೆ ಜಗುಲಿ ಮೇಲೆ ನನ್ನ ಫೋನು, ಅದರಲ್ಲಿ ಸ್ಕೋರ್ ಪೇಜು. ನೆಟ್‌ವರ್ಕ್ ಒಂದು ಕಡ್ಡಿ. ಒಂದು ಸಲ ರಿಫ್ರೆಶ್ ಮಾಡಿದ್ರೆ ಚಕ್ರ ತಿರುಗ್ತಾನೇ ಇರುತ್ತೆ. "ಯಾರಲೇ ಆಡ್ತಿರೋದು?" ಅಂತ ದೊಡ್ಡಪ್ಪ ಕೇಳ್ತಾನೇ ಇದ್ರು. ಪೇಜ್ ತೆರೀತು. ಕ್ರೀಸ್‌ನಲ್ಲಿ ಆರ್. ವಿನಯ್ ಕುಮಾರ್ ಅಂತ ಇತ್ತು. ನಾನು ತಪ್ಪು ಪೇಜ್ ಅಂದ್ಕೊಂಡೆ. ಇನ್ನೂ ಬ್ಯಾಟ್ಸ್‌ಮನ್‌ಗಳು ಬಾಕಿ ಇದ್ದಾರೆ, ಬೌಲರ್ ಯಾಕೆ ಬಂದ? ಆಮೇಲೆ ಅರ್ಥ ಆಯ್ತು. ನಾಯಕ ತಾನೇ ಮುಂದೆ ಬಂದಿದ್ದ, ಡ್ರಾ ಬೇಡ, ಗೆಲ್ಲೋಣ ಅಂತ.

3 ವಿಕೆಟ್‌ಗೆ 157. ವಿನಯ್ ಕುಮಾರ್ 47, ಔಟಾಗದೆ. ಹದಿನೈದು ವರ್ಷದ ಮೇಲೆ ಕಪ್.

ನವೆಂಬರ್ 2ರಿಂದ ಫೆಬ್ರವರಿ 2. ಸರಿಯಾಗಿ ಮೂರು ತಿಂಗಳು. ದೊಡ್ಡಪ್ಪ ಎದ್ದು ಒಳಗೆ ಹೋಗಿ ಒಂದು ತುಂಡು ಬೆಲ್ಲ ತಂದು ನನ್ನ ಕೈಗಿಟ್ರು. "2010ದ್ದು ಬಾಕಿ ಇತ್ತಲ್ಲ, ತಿನ್ನು" ಅಂದ್ರು. ನಾನು ಅದೇ ಕಾಲೇಜು ಗುಂಪಿಗೆ ಸ್ಕೋರ್‌ಕಾರ್ಡ್ ಕಳಿಸ್ದೆ. ಹಳೇ ಜೋಕಿಗೆ ನೂರು ಜನ ನಕ್ಕಿದ್ದರೆ, ಇದಕ್ಕೆ ನಾಲ್ಕು ಜನ ಹೆಬ್ಬೆಟ್ಟು ಎತ್ತಿದ್ರು. ನಾಲ್ಕೇ. ರಣಜಿ ಅಂದ್ರೆ ಅಷ್ಟೇ.

ಮುಂದಿನ ವರ್ಷ ಇನ್ನೂ ದೊಡ್ಡದಾಯ್ತು. 2015ರ ಮಾರ್ಚ್‌ನಲ್ಲಿ ಮುಂಬೈನ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧ ಫೈನಲ್. ವಿನಯ್ 34 ರನ್ನಿಗೆ 5 ವಿಕೆಟ್ ತೆಗೆದು ತಮಿಳುನಾಡನ್ನ 134ಕ್ಕೆ ಉರುಳಿಸಿದ್ರು. ಕರುಣ್ ನಾಯರ್ 328. ಅದೇ ಇನ್ನಿಂಗ್ಸ್‌ನಲ್ಲಿ ವಿನಯ್ ಕೂಡ ಔಟಾಗದೆ 105. ಗೆಲುವು ಇನ್ನಿಂಗ್ಸ್ ಮತ್ತು 217 ರನ್ನಿಂದ. ಎರಡು ವರ್ಷವೂ ರಣಜಿ, ಇರಾನಿ, ವಿಜಯ್ ಹಜಾರೆ, ಮೂರೂ ಕಪ್ ಕರ್ನಾಟಕಕ್ಕೆ.

ಆಮೇಲೆ ಬರೀ ಸುಖಾಂತ್ಯ ಅನ್ಕೋಬೇಡಿ. 2017ರ ಡಿಸೆಂಬರ್‌ನಲ್ಲಿ ಮುಂಬೈ ಎದುರು ವಿನಯ್ ಹ್ಯಾಟ್ರಿಕ್ ತೆಗೆದ್ರು. ಮುಂದಿನ ಸೆಮಿಫೈನಲ್‌ನಲ್ಲಿ ವಿದರ್ಭ ಎದುರು 5 ರನ್ನಿಂದ ಸೋತ್ವಿ. ಮೈಸೂರಲ್ಲಿ ಆರು, ಇಲ್ಲಿ ಐದು. ಕೊನೆಗೆ ಕರ್ನಾಟಕ ಬಿಟ್ಟು ಪುದುಚೇರಿಗೂ ಆಡಿದ್ರು. 2021ರ ಫೆಬ್ರವರಿಯಲ್ಲಿ ನಿವೃತ್ತಿ. ಆಗ ಅವರೇ ತಮ್ಮನ್ನ ರೈಲಿಗೆ ಹೋಲಿಸ್ಕೊಂಡು, ಎಷ್ಟೋ ಸ್ಟೇಷನ್ ದಾಟಿ ಈಗ ಕೊನೇ ಸ್ಟೇಷನ್ ಬಂತು ಅನ್ನೋ ಅರ್ಥದಲ್ಲಿ ಬರೆದಿದ್ರು. ಪ್ರಥಮ ದರ್ಜೆಯಲ್ಲಿ ಒಟ್ಟು 504 ವಿಕೆಟ್.

ಈಗ ಯೂಟ್ಯೂಬಲ್ಲಿ ವಿನಯ್ ಕುಮಾರ್ ಅಂತ ಹುಡುಕಿದ್ರೆ ರೋಹಿತ್ ಪಂದ್ಯದ 102 ರನ್ ಬೇಗ ಸಿಗುತ್ತೆ. ಹೈದರಾಬಾದಿನ 47 ಸಿಗಬೇಕು ಅಂದ್ರೆ ಕಷ್ಟಪಡಬೇಕು. 102 ಸುಳ್ಳಲ್ಲ, ಅದನ್ನ ಅಳಿಸೋಕೂ ಆಗಲ್ಲ, ಅಳಿಸೋದೂ ಬೇಡ. ಆದ್ರೆ ಒಂದು ಸಂಜೆಯ 9 ಓವರನ್ನೇ ಒಬ್ಬ ಮನುಷ್ಯನ ಇಡೀ ಇತಿಹಾಸ ಅಂತ ಬರೆದ್ರೆ, ಅದು ನಾನು ಅವತ್ತು ಕಳಿಸಿದ ಮೆಸೇಜಿಗಿಂತ ಬೇರೆ ಅಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಬೇಕು. ಮದಕರಿನಾಯಕರನ್ನೂ ನಾವು ಮಾಯಕೊಂಡದ ಒಂದು ದಿನದಿಂದ ಮಾತ್ರ ಅಳೆಯಲ್ಲ ಅಲ್ವಾ?

ದೊಡ್ಡಪ್ಪ ಈಗಿಲ್ಲ. ಮೊನ್ನೆ ಊರಿಗೆ ಹೋದಾಗ ಸ್ಟೇಷನ್ ಹಿಂದಿನ ಬಯಲಲ್ಲಿ ಒಬ್ಬ ಹುಡುಗ ಒಂದೇ ಸ್ಟಂಪ್ ನೆಟ್ಟು ಬೌಲಿಂಗ್ ಮಾಡ್ತಿದ್ದ. ಒಬ್ಬನೇ. ಬಾಲ್ ಹಾಕೋದು, ಓಡಿ ಹೋಗಿ ತರೋದು, ಮತ್ತೆ ಹಾಕೋದು. ಎಕ್ಸ್‌ಪ್ರೆಸ್ ಒಂದು ಹಾದುಹೋಯ್ತು, ಅವನು ತಿರುಗಿ ಕೂಡ ನೋಡಲಿಲ್ಲ. ನಾನು ಹೋಗಿ ಸ್ಟಂಪ್ ಹಿಂದೆ ನಿಂತು ಬಾಲ್ ಹಿಡಿದು ವಾಪಸ್ ಕೊಟ್ಟೆ. ಕತ್ತಲಾಗೋವರೆಗೂ.

ನಿಮ್ಮೂರಲ್ಲೂ ಹೀಗೆ ಒಂದೇ ತಪ್ಪಿಗೆ ನೆನಪಲ್ಲಿ ಉಳಿದ ಆಟಗಾರರು ಇದ್ರೆ, ಅವರ ಇನ್ನೊಂದು ದಿನದ ಕಥೆ ನಮಗೆ ಬರೆದು ಕಳಿಸಿ.