ತುಂಗೆಯ ತೀರದ ತೋಟಗಳೂ ರಂಜಕವೂ

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ತುಂಗೆಯ ದಡದ ಮೇಲೆ ಹರಿಹರಪುರವಿದೆ. ಸುತ್ತಣ ಕಣಿವೆಗಳಲ್ಲಿ ಅಡಕೆಯ ತೋಟ, ತಗ್ಗಿನಲ್ಲಿ ಬತ್ತದ ಗದ್ದೆ, ಮೇಲುಗಡೆ ಸೊಪ್ಪಿನ ಬೆಟ್ಟ. ಇಲ್ಲಿನ ಹಿರಿಯರು ಗೊಬ್ಬರಕ್ಕಾಗಿ ಪೇಟೆಗೆ ಹೋದವರಲ್ಲ. ಬೆಟ್ಟದ ಸೊಪ್ಪನ್ನು ಕೊಟ್ಟಿಗೆಯಲ್ಲಿ ಹಾಸಿ, ದನಗಳು ತುಳಿದು ಕಳಿತ ಮೇಲೆ ಅದನ್ನೇ ಮರದ ಬುಡಕ್ಕೆ ಹಾಕುತ್ತಿದ್ದರು. ಮಣ್ಣನ್ನು ಮೆತ್ತಗಿಡುವುದರಲ್ಲಿ ಇದನ್ನು ಮೀರಿಸುವ ಗೊಬ್ಬರ ಇಂದಿಗೂ ಇಲ್ಲ. ಆದರೆ ಒಂದು ಕೊರತೆಯಿತ್ತು. ಬಡ ಮಣ್ಣಿನಲ್ಲಿ ಬೆಳೆದ ಸೊಪ್ಪು ತನ್ನಲ್ಲಿಲ್ಲದ್ದನ್ನು ಎಲ್ಲಿಂದ ತಂದೀತು?

ಇಲ್ಲದಿದ್ದುದು ರಂಜಕ, ಎಂದರೆ ಫಾಸ್ಫರಸ್. ಮಲೆನಾಡಿನ ಜಡಿಮಳೆ ಮಣ್ಣಿನ ಸುಣ್ಣವನ್ನು ತೊಳೆದೊಯ್ಯುತ್ತದೆ, ಹುಳಿಮಣ್ಣು ಉಳಿಯುತ್ತದೆ. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಹಿಡಿದು ಕಟ್ಟಿಹಾಕುತ್ತವೆ. ಹೊರಗಿನಿಂದ ತಂದು ಹಾಕಿದರೂ ಮೊದಲ ವರ್ಷ ಬೇರಿಗೆ ದಕ್ಕುವುದು ಅದರಲ್ಲಿ ಸಣ್ಣ ಪಾಲು ಮಾತ್ರ.

ಬಂಡೆಯಲ್ಲೂ ಮೂಳೆಯಲ್ಲೂ ಅಡಗಿರುವ ರಂಜಕವನ್ನು ಗಂಧಕಾಮ್ಲದಿಂದ ಕರಗಿಸಿ ಸೂಪರ್‌ಫಾಸ್ಫೇಟ್ ಮಾಡುವ ವಿಧಾನಕ್ಕೆ ಇಂಗ್ಲೆಂಡಿನ ಲಾಸ್ 1842ರಲ್ಲಿ ಹಕ್ಕುಪತ್ರ ಪಡೆದರು. ನಮ್ಮ ದೇಶದಲ್ಲಿ ಇದರ ಮೊದಲ ಕಾರ್ಖಾನೆ 1906ರಲ್ಲಿ ರಾಣಿಪೇಟೆಯಲ್ಲಿ ಎದ್ದಿತು. ಅಷ್ಟರೊಳಗೆ ಮೈಸೂರು ಸಂಸ್ಥಾನದಲ್ಲಿ ಮಣ್ಣನ್ನು ಪರೀಕ್ಷಿಸುವ ಕೆಲಸ ಮೊದಲಾಗಿತ್ತು: 1899ರಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೊಟ್ಟ 30 ಎಕರೆಯಲ್ಲಿ ಡಾ. ಲೆಹ್ಮನ್ ಪ್ರಯೋಗಗಳನ್ನು ಹೂಡಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗಶಾಲೆ ತೆರೆದಾಗ ವಿಜ್ಞಾನವು ಈ ಸೀಮೆಯ ಹೊಸ್ತಿಲಿಗೇ ಬಂದಂತಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಕಾರ್ಖಾನೆಯಲ್ಲಿ ಆಮ್ಲ ಮಾಡುವ ಕೆಲಸವನ್ನು ಮಲೆನಾಡಿನ ಹುಳಿಮಣ್ಣು ತಾನೇ ನಿಧಾನವಾಗಿ ಮಾಡಬಲ್ಲದು. ಆದುದರಿಂದಲೇ ಬರಿಯ ಶಿಲಾರಂಜಕದ ಪುಡಿ ಬಯಲುಸೀಮೆಯ ಸುಣ್ಣದ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ, ಇಲ್ಲಿ ಕರಗುತ್ತದೆ. ಫಲಕ್ಕೆ ಬಂದ ಅಡಕೆ ಮರಕ್ಕೆ ವರ್ಷಕ್ಕೆ 40 ಗ್ರಾಂ ರಂಜಕಾಂಶವೆಂಬುದು ಶಿಫಾರಸು. ನೂರಕ್ಕೆ 20ರಷ್ಟು ಸತ್ತ್ವವುಳ್ಳ ಶಿಲಾರಂಜಕವಾದರೆ 200 ಗ್ರಾಂ. ಇದರೊಡನೆ ಹಸಿರೆಲೆ 12 ಕಿಲೋ, ಕೊಟ್ಟಿಗೆ ಗೊಬ್ಬರ 12 ಕಿಲೋ. ಹಿರಿಯರ ಸೊಪ್ಪನ್ನು ಹೊಸ ಶಾಸ್ತ್ರ ತಳ್ಳಿಹಾಕಲಿಲ್ಲ. ಕಳಿಯುವ ಸೊಪ್ಪಿನ ಆಮ್ಲಗಳು ಕಟ್ಟುಬಿದ್ದ ರಂಜಕವನ್ನು ಬಿಡಿಸಲು ನೆರವಾಗುತ್ತವೆ.

ಮಣ್ಣು ಹಿಡಿದಿಟ್ಟ ರಂಜಕ ಎಲ್ಲಿಗೂ ಹೋಗುವುದಿಲ್ಲ. ವರ್ಷವರ್ಷವೂ ಮಿಶ್ರಗೊಬ್ಬರದ ಚೀಲ ಸುರಿದ ತೋಟದಲ್ಲಿ ಅದು ಕೂಡುತ್ತ ಬಂದಿರುತ್ತದೆ. ಅಂಥಲ್ಲಿ ಮಣ್ಣುಪರೀಕ್ಷೆ ಮಾಡಿಸಿದವರು ಒಂದೆರಡು ವರ್ಷ ರಂಜಕವನ್ನು ಕಡಮೆ ಮಾಡಿ, ಆ ಹಣದಲ್ಲಿ ಸುಣ್ಣ ತರಬಹುದು. ಪರೀಕ್ಷಿಸದೆ ಸುರಿದದ್ದರಲ್ಲಿ ಒಂದು ಪಾಲು ಆಷಾಢದ ಮಳೆಗೆ ಮಣ್ಣಿನ ಸಮೇತ ತುಂಗೆಗೆ ಇಳಿಯುತ್ತದೆ.