ದೊಡ್ಡ ಕರುಳಿನ ಮೇಲಣ ಆರೋಪ

ದೀರ್ಘವ್ಯಾಧಿಗಳ ಮೂಲವನ್ನು ಕೋಷ್ಠದಲ್ಲಿಯೇ ಹುಡುಕಬೇಕೆಂಬ ಮಾತು, ಗ್ರಹಣೀರೋಗಕ್ಕೆ ತಕ್ರವನ್ನು ವಿಧಿಸಿದ ಚರಕನ ಸಂಹಿತೆಯನ್ನು ಬಲ್ಲವರಿಗೂ, ಮಜ್ಜಿಗೆಯನ್ನವಿಲ್ಲದೆ ಎಲೆಯಿಂದೇಳದ ನಮ್ಮ ಹಿರಿಯರಿಗೂ ಹೊಸದಲ್ಲ. ಆದರೆ ಅದೇ ಮಾತು ಯುರೋಪಿನಲ್ಲಿ ಸೂಕ್ಷ್ಮದರ್ಶಕವನ್ನೂ ಶಸ್ತ್ರವನ್ನೂ ಕೈಯಲ್ಲಿ ಹಿಡಿದು, ಮೂರು ದಶಕಗಳಿಗೂ ಮಿಕ್ಕಿ ಪಂಡಿತಮಾನ್ಯವಾಗಿದ್ದು, ಬಳಿಕ ಪದಚ್ಯುತವಾದ ವೃತ್ತಾಂತವನ್ನು, ಇಂದು ‘ಫಂಕ್ಷನಲ್ ಮೆಡಿಸಿನ್’ ಎಂಬ ಹೆಸರಿನಲ್ಲಿ ಕರುಳಿನ ಆರೋಗ್ಯವನ್ನು ಬೋಧಿಸುವವರು ಅಷ್ಟಾಗಿ ಹೇಳುವುದಿಲ್ಲ.

1887ರಲ್ಲಿ ಪ್ಯಾರಿಸಿನ ವೈದ್ಯನಾದ ಶಾರ್ಲ್ ಬುಶಾರನು ತನ್ನ ಉಪನ್ಯಾಸಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿ, ಕರುಳಿನಲ್ಲಿ ಕೊಳೆತ ಆಹಾರದಿಂದ ಹುಟ್ಟುವ ವಿಷವು ರಕ್ತವನ್ನು ಸೇರಿ ದೇಹವನ್ನು ಒಳಗಿನಿಂದಲೇ ಕೆಡಿಸುವುದೆಂಬ ಸ್ವಯಂವಿಷತೆಯ ವಾದಕ್ಕೆ ಶಾಸ್ತ್ರದ ವೇಷವನ್ನು ತೊಡಿಸಿದನು. ಪ್ಯಾಶ್ಚರ್ ಸಂಸ್ಥೆಯಲ್ಲಿದ್ದ ರಷ್ಯದ ಮೆಚ್ನಿಕಾಫ್, ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗುವ ಬಗೆಯನ್ನು ಕಂಡುಹಿಡಿದು 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮಹಾಶಯನು, ಇನ್ನೂ ಮುಂದೆ ಹೋಗಿ, ದೊಡ್ಡ ಕರುಳೆಂಬುದು ಪೂರ್ವಜ ಪ್ರಾಣಿಗಳಿಂದ ನಮಗೆ ಬಂದ ನಿರುಪಯುಕ್ತವಾದ ಅವಶೇಷವೆಂದೂ, ಅಕಾಲ ವಾರ್ಧಕ್ಯಕ್ಕೆ ಅದೇ ಕಾರಣವೆಂದೂ ಸಾರಿದನು. ಅವನು ಹೇಳಿದ ಪರಿಹಾರವಾದರೋ ಸೌಮ್ಯವಾದುದು. ಹುಳಿಹಾಲನ್ನು ಕುಡಿಯುವ ಬಲ್ಗೇರಿಯದ ರೈತರು ದೀರ್ಘಾಯುಗಳೆಂದು ಕೇಳಿದ್ದ ಅವನು ತಾನೂ ಅದನ್ನೇ ನಿಯಮದಿಂದ ಕುಡಿದು, 1916ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ಹೃದ್ರೋಗದಿಂದ ತೀರಿಕೊಂಡನು.

ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಸರ್ ವಿಲಿಯಂ ಅರ್ಬತ್ನಾಟ್ ಲೇನನಿಗೆ ಹುಳಿಹಾಲಿನಿಂದ ತೃಪ್ತಿಯಾಗಲಿಲ್ಲ. ಮುರಿದ ಮೂಳೆಗಳನ್ನು ಲೋಹದ ಪಟ್ಟಿಗಳಿಂದ ಬಂಧಿಸುವುದರಲ್ಲಿಯೂ, ಗಾಯಕ್ಕೆ ಬೆರಳು ಸೋಕದಂತೆ ಉಪಕರಣಗಳಿಂದಲೇ ಕಾರ್ಯವನ್ನು ನಿರ್ವಹಿಸುವುದರಲ್ಲಿಯೂ ಅವನಿಗೆ ಸರಿದೊರೆಯಾದವರು ವಿರಳ. ಕೀರ್ತಿಗೆ ಅಷ್ಟೇ ಸಾಕಾಗಿತ್ತು. ಆದರೆ ಮಲವು ತಡೆದು ನಿಲ್ಲುವುದರಿಂದಲೇ ಆಯಾಸ, ತಲೆನೋವು, ಸಂಧಿವಾತ, ಮನಸ್ಸಿನ ಖಿನ್ನತೆ ಇವೆಲ್ಲ ಉಂಟಾಗುತ್ತವೆಯೆಂದು ನಂಬಿದ ಅವನು, ಮೊದಲು ಸಣ್ಣ ಕರುಳಿನ ತುದಿಯನ್ನು ದೊಡ್ಡ ಕರುಳಿನ ಕೆಳಭಾಗಕ್ಕೆ ಜೋಡಿಸಿ ನಡುವಣ ದಾರಿಯನ್ನು ತಪ್ಪಿಸಿದನು. ಅದೂ ಸಾಲದೆಂದು ತೋರಿದಾಗ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದನು. ಪ್ರತಿಜೈವಿಕಗಳಿಲ್ಲದ ಆ ಕಾಲದಲ್ಲಿ ಇದಕ್ಕೆ ಬಲಿಯಾದವರೂ ಇದ್ದರು. ಮೇಜಿನಿಂದ ಬದುಕಿ ಎದ್ದವರು ತಮಗೆ ಗುಣವಾಯಿತೆಂದು ಹೇಳಿದರೆಂಬುದೂ ನಿಜ. ಅಷ್ಟು ಘೋರವಾದ ಚಿಕಿತ್ಸೆಗೆ ತನುವನ್ನೊಪ್ಪಿಸಿದವರು ಗುಣವಾಗಲಿಲ್ಲವೆಂದು ಹೇಳುವುದಾದರೂ ಹೇಗೆ? 1906ರಷ್ಟು ಹಿಂದೆಯೇ ಬರ್ನಾರ್ಡ್ ಷಾ ತನ್ನ ‘ದಿ ಡಾಕ್ಟರ್ಸ್ ಡಿಲೆಮಾ’ ನಾಟಕದಲ್ಲಿ, ದೇಹದಲ್ಲಿ ಇಲ್ಲವೇ ಇಲ್ಲದ ಒಂದು ಚೀಲವನ್ನು ಎಲ್ಲರ ಹೊಟ್ಟೆಯಿಂದಲೂ ಕಿತ್ತುಹಾಕಲು ಹಾತೊರೆಯುವ ಶಸ್ತ್ರವೈದ್ಯನೊಬ್ಬನನ್ನು ರಂಗಕ್ಕೆ ತಂದು ನಗಿಸಿದ್ದನು. ವೈದ್ಯಪಂಡಿತರು ಈ ವಿಷಯವನ್ನು ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ವಿಸ್ತಾರವಾಗಿ ಚರ್ಚಿಸಲು 1913ರವರೆಗೆ ಕಾಯಬೇಕಾಯಿತು.

ವಾದವನ್ನು ಕೆಡವಿದ ತರ್ಕವು ಬಹು ಸರಳವಾದುದು. ಮಲಬದ್ಧತೆಯಿಂದ ತಲೆ ಭಾರವಾದವನಿಗೆ ವಿಸರ್ಜನೆಯಾದೊಡನೆ ತಲೆ ಹಗುರವಾಗುತ್ತದೆ. ರಕ್ತದಲ್ಲಿ ನಿಜವಾಗಿಯೂ ವಿಷವಿದ್ದಿದ್ದರೆ ಅದು ಕ್ಷಣಮಾತ್ರದಲ್ಲಿ ತೊಲಗುವುದು ಸಾಧ್ಯವೆ? ಅಮೆರಿಕದ ವಾಲ್ಟರ್ ಆಲ್ವರೆಜ್ 1919ರಲ್ಲಿ ಈ ಪ್ರಶ್ನೆಯನ್ನೆತ್ತಿ, ಬಾಧೆಯು ಹಿಗ್ಗಿದ ಕರುಳಿನ ಒತ್ತಡದಿಂದ ನರಗಳ ಮೂಲಕ ಬರುವುದೆಂದನು. ಗುದನಾಳದಲ್ಲಿ ಹತ್ತಿಯನ್ನು ತುಂಬಿಯೂ ಅವೇ ಲಕ್ಷಣಗಳನ್ನು ಹುಟ್ಟಿಸಬಹುದೆಂದು ಮುಂದೆ ಇತರರು ತೋರಿಸಿದರು, ಹತ್ತಿಯಲ್ಲಿ ವಿಷವೆಲ್ಲಿಯದು? ಲೇನನಾದರೋ ಸೋತೆನೆನ್ನಲಿಲ್ಲ. 1925ರಲ್ಲಿ ನ್ಯೂ ಹೆಲ್ತ್ ಸೊಸೈಟಿಯನ್ನು ಸ್ಥಾಪಿಸಿ, ಕತ್ತಿಯನ್ನು ಕೆಳಗಿಟ್ಟು, ತವುಡು ತೆಗೆಯದ ರೊಟ್ಟಿ, ಹಣ್ಣು, ತರಕಾರಿ, ಬಿಸಿಲುಗಳ ಪ್ರಚಾರದಲ್ಲಿ ಮುಪ್ಪನ್ನು ಕಳೆದನು. ನನ್ನ ಎಣಿಕೆಯಲ್ಲಿ ಅವನು ಕರುಳಿಗೆ ಮಾಡಿದ ಉಪಕಾರವೆಲ್ಲ ಈ ಕಾಲದ್ದೇ.

ಕರುಳಿನಿಂದ ಹೊರಟು ಸರ್ವಾಂಗವನ್ನೂ ಸೊರಗಿಸುವ ದೀರ್ಘವ್ಯಾಧಿಯೊಂದಂತೂ ಇದ್ದೇ ಇತ್ತು. ಹಾಲೆಂಡಿನ ಮಕ್ಕಳ ವೈದ್ಯ ವಿಲೆಂ ಡಿಕೆಗೆ, ಸೀಲಿಯಾಕ್ ರೋಗದ ಶಿಶುಗಳಿಗೆ ಗೋಧಿಯೇ ಮಾರಕವೆಂಬ ಸಂದೇಹ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಮೊಳೆತಿತ್ತು. 1944-45ರ ಚಳಿಗಾಲದ ಕ್ಷಾಮದಲ್ಲಿ, ದೇಶದ ಪಶ್ಚಿಮ ಭಾಗವೆಲ್ಲ ರೊಟ್ಟಿಯಿಲ್ಲದೆ ಬಳಲುತ್ತಿದ್ದಾಗ, ಈ ರೋಗಿಷ್ಠ ಮಕ್ಕಳು ಮಾತ್ರ ಚೇತರಿಸಿಕೊಂಡುದನ್ನೂ, ರೊಟ್ಟಿ ಮರಳಿ ಬಂದೊಡನೆ ಮತ್ತೆ ಕುಗ್ಗಿದುದನ್ನೂ ಅವನು ಕಂಡನು. ಕಂಡಷ್ಟಕ್ಕೆ ತೃಪ್ತನಾಗದೆ, ಗೋಧಿಯನ್ನು ಕೊಟ್ಟೂ ತಡೆದೂ, ಮಲದಲ್ಲಿ ಹೋಗುವ ಕೊಬ್ಬನ್ನು ಸಹೋದ್ಯೋಗಿಗಳೊಡನೆ ಅಳೆದೂ ನೋಡಿದನು. ಅವನ ಪ್ರಬಂಧ ಹೊರಬಂದುದು 1950ರಲ್ಲಿ.

1991ರಲ್ಲಿ ಜೀವರಸಾಯನಜ್ಞ ಜೆಫ್ರಿ ಬ್ಲ್ಯಾಂಡ್ ಅಮೆರಿಕದಲ್ಲಿ ಫಂಕ್ಷನಲ್ ಮೆಡಿಸಿನ್ ಸಂಸ್ಥೆಯನ್ನು ತೆರೆದನು. 2014ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಂತಹ ಪ್ರತಿಷ್ಠಿತ ಆಸ್ಪತ್ರೆಯೂ ಅದಕ್ಕೆ ಪೀಠವನ್ನಿತ್ತಿತು. ಈ ಪಂಥದ ವೈದ್ಯರು ರೋಗಿಯ ಊಟ, ನಿದ್ರೆ, ದುಗುಡಗಳನ್ನು ಸಾವಧಾನವಾಗಿ ವಿಚಾರಿಸುವುದು ಶ್ಲಾಘ್ಯವೇ ಸರಿ. ಆದರೆ ಕರುಳಿನ ಗೋಡೆಯಿಂದ ವಿಷವು ರಕ್ತಕ್ಕೆ ಜಿನುಗುವುದೆಂದು ಹೇಳಿ, ಅದಕ್ಕೆ ಸೋರುವ ಕರುಳೆಂದು ಹೆಸರಿಟ್ಟು, ಆಯಾಸಕ್ಕೂ ಕೀಲುನೋವಿಗೂ ಅದನ್ನೇ ಹೊಣೆಯಾಗಿಸಿ, ದುಬಾರಿಯಾದ ಮಲಪರೀಕ್ಷೆಗಳನ್ನು ಬರೆದುಕೊಡುವಾಗ ಅವರು ಬುಶಾರನ ವಂಶದವರಾಗುತ್ತಾರೆ. ಪರೀಕ್ಷಿಸದೆಯೇ ಎಲ್ಲರಿಗೂ ಗೋಧಿಯನ್ನು ಬಿಡಿಸಿದಾಗ ಡಿಕೆಯ ಫಲಶ್ರುತಿಯನ್ನು ಮಾತ್ರ ಇರಿಸಿಕೊಂಡು ಅವನ ತಕ್ಕಡಿಯನ್ನು ಕೈಬಿಡುತ್ತಾರೆ. ಹಾಗೆ ಗೋಧಿಯನ್ನು ಬಿಟ್ಟವನಲ್ಲಿ ನಿಜವಾಗಿಯೂ ಸೀಲಿಯಾಕ್ ಇದ್ದರೆ, ಅದನ್ನು ಗುರುತಿಸುವ ರಕ್ತಪರೀಕ್ಷೆಯೂ ಕ್ರಮೇಣ ಏನನ್ನೂ ತೋರಿಸದಾಗುವುದರಿಂದ, ನಿರ್ಣಯಕ್ಕಾಗಿ ಅವನು ಮತ್ತೆ ಕೆಲವು ವಾರ ಗೋಧಿಯನ್ನೇ ತಿನ್ನಬೇಕಾಗುತ್ತದೆ.