ಮುಂಗೋಡೆಯಷ್ಟೇ ಉಳಿದ ದೇವಾಲಯ



ಜುಲೈ 26ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಆಚರಿಸುತ್ತದೆ. ಈ ಸಂದರ್ಭದಲ್ಲಿ ಅನ್ನಮ್ಮನವರ ಹೆಸರನ್ನೇ ಹೊತ್ತಿದ್ದ, ದೂರದ ನ್ಯೂಯಾರ್ಕ್ ನಗರದ ಒಂದು ದೇವಾಲಯದ ಚರಿತ್ರೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ಆ ನಗರದ ಪೂರ್ವ 12ನೇ ಬೀದಿಯಲ್ಲಿ 1847ರಲ್ಲಿ ಬ್ಯಾಪ್ಟಿಸ್ಟ್ ಸಭೆಯವರು ಕಲ್ಲಿನ ಪ್ರಾರ್ಥನಾಲಯವೊಂದನ್ನು ಕಟ್ಟಿದರು. 1854ರಲ್ಲಿ ಎಮಾನುಎಲ್ ಎಂಬ ಯೆಹೂದ್ಯ ಸಮುದಾಯ ಅದನ್ನು ಕೊಂಡು ತಮ್ಮ ಪ್ರಾರ್ಥನಾಮಂದಿರವಾಗಿಸಿಕೊಂಡಿತು. ಅನ್ನಮ್ಮನವರೂ ಯೆಹೂದ್ಯ ತಾಯಿಯೇ ಅಲ್ಲವೇ? ಆ ಸಮುದಾಯ 1868ರಲ್ಲಿ ಬೇರೆಡೆಗೆ ಹೋಯಿತು. 1870ರಲ್ಲಿ ಸಂತ ಅನ್ನಮ್ಮ ಧರ್ಮಕೇಂದ್ರದ ಕಥೋಲಿಕರು ಕಟ್ಟಡವನ್ನು ಕೊಂಡರು. ವಾಸ್ತುಶಿಲ್ಪಿ ನೆಪೋಲಿಯನ್ ಲೆಬ್ರನ್ ಹಳೆಯ ಮುಂಗೋಡೆಯನ್ನೂ ಗೋಪುರವನ್ನೂ ಉಳಿಸಿಕೊಂಡು, ಅದರ ಹಿಂದೆ ಹೊಸ ದೇವಾಲಯವನ್ನು ನಿರ್ಮಿಸಿದರು. 1983ರಲ್ಲಿ ಅದು ಅರ್ಮೇನಿಯನ್ ಕಥೋಲಿಕರ ಪ್ರಧಾನಾಲಯವೂ ಆಯಿತು.

ಆದರೆ 2004ರಲ್ಲಿ ದೇವಾಲಯದ ಬಾಗಿಲು ಮುಚ್ಚಿತು. ಜಾಗ ಮಾರಾಟವಾಯಿತು. 2005ರಲ್ಲಿ ದೇವಾಲಯವನ್ನು ಕೆಡವಿ, ಮುಂಗೋಡೆ ಮತ್ತು ಗೋಪುರವನ್ನು ಮಾತ್ರ ಉಳಿಸಿದರು. 1831ರಲ್ಲಿ ಸ್ಥಾಪನೆಯಾಗಿ, ಬೀದಿಯಿಂದ ಬೀದಿಗೆ ಬೆಳೆಯುತ್ತಾ ಬಂದಿದ್ದ ನ್ಯೂಯಾರ್ಕ್ ವಿಶ್ವವಿದ್ಯಾಲಯದ 26 ಅಂತಸ್ತಿನ ವಿದ್ಯಾರ್ಥಿನಿಲಯ 2009ರಲ್ಲಿ ಅದರ ಹಿಂದೆ ತೆರೆಯಿತು. ಇಂದಿಗೂ ಆ ಮುಂಗೋಡೆ ವಿದ್ಯಾರ್ಥಿನಿಲಯಕ್ಕೆ ತಾಗದೆ, ಒಂಟಿಯಾಗಿ ನಿಂತಿದೆ. ಅದರ ಬಾಗಿಲಿನ ಹಿಂದೆ ಬಲಿಪೀಠವಿಲ್ಲ.

ಗಮನಿಸಿ: ಮುಂಗೋಡೆಯನ್ನು ಉಳಿಸಿ ಹಿಂಭಾಗವನ್ನು ಹೊಸದಾಗಿ ಕಟ್ಟುವ ಕೆಲಸ ಎರಡು ಬಾರಿ ನಡೆಯಿತು. ಮೊದಲ ಬಾರಿ ಗೋಡೆಯ ಹಿಂದೆ ಪ್ರಾರ್ಥಿಸುವ ಜನರಿದ್ದರು. ಎರಡನೆಯ ಬಾರಿ ನೆನಪು ಮಾತ್ರ ಉಳಿಯಿತು. ವಿದ್ಯಾರ್ಥಿಗಳಿಗೆ ವಸತಿ ಬೇಕು, ಅದರಲ್ಲಿ ತಪ್ಪಿಲ್ಲ. ಕಲ್ಲುಗಳನ್ನು ಕಾನೂನು ಕಾಯಬಹುದು. ವಿಶ್ವಾಸವನ್ನು ಮನೆಯವರೇ ಕಾಯಬೇಕು.

ನಮ್ಮ ಮನೆಗಳ ಸ್ಥಿತಿ ಏನು? ಬಾಗಿಲ ಮೇಲೆ ಶಿಲುಬೆ ಇದೆ, ಗೋಡೆಯಲ್ಲಿ ಯೇಸುಸ್ವಾಮಿಯ ಪವಿತ್ರ ಹೃದಯದ ಚಿತ್ರವಿದೆ. ಸಂಜೆಯ ಜಪಸರ ಉಳಿದಿದೆಯೇ? ಹಬ್ಬಕ್ಕೆ ದೀಪಾಲಂಕಾರ ಮಾಡುವ ನಾವು ಭಾನುವಾರದ ಬಲಿಪೂಜೆಗೆ ಬರುತ್ತೇವೆಯೇ? ಓದಲು ದೂರದ ಊರಿನ ಹಾಸ್ಟೆಲಿಗೆ ಹೊರಟ ಮಗಳ ಪೆಟ್ಟಿಗೆಯಲ್ಲಿ ಬಟ್ಟೆ, ಉಪ್ಪಿನಕಾಯಿ ಇಡುವ ನಾವು ಅವಳಿಗೆ ಪ್ರಾರ್ಥಿಸುವ ಅಭ್ಯಾಸವನ್ನೂ ಕೊಟ್ಟು ಕಳುಹಿಸಿದ್ದೇವೆಯೇ?

ಅನ್ನಮ್ಮನವರು ಯಾವ ದೇವಾಲಯವನ್ನೂ ಕಟ್ಟಲಿಲ್ಲ. ಒಬ್ಬ ಮಗಳನ್ನು ದೈವಭಕ್ತಿಯಲ್ಲಿ ಬೆಳೆಸಿದರು. ಆ ಮಗಳೇ ದೇವಪುತ್ರರಿಗೆ ವಾಸಸ್ಥಾನವಾದರು. ಅಜ್ಜ ಅಜ್ಜಿಯರೇ, ಇಂದು ಸಂಜೆಯೇ ಮೊಮ್ಮಕ್ಕಳನ್ನು ಬಳಿ ಕೂರಿಸಿಕೊಂಡು ಶಿಲುಬೆಯ ಗುರುತು ಹಾಕಲು ಕಲಿಸಿರಿ. ನಾವು ಬರೀ ಮುಂಗೋಡೆಯಾಗಿ ಉಳಿಯದೆ ಸಜೀವ ದೇವಾಲಯವಾಗುವಂತೆ ಸಂತ ಅನ್ನಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.